ಸಾಕಿ ಹಾಡಿದ ರೇಡಿಯೊ

ರೇಡಿಯೊ ಮುಳ್ಳು ಎರಡು ನಿಲಯಗಳ ನಡುವೆ ಸಿಕ್ಕಿಕೊಂಡಾಗ ಬರುತ್ತಿದ್ದ ಸರಸರ ಸದ್ದು ಈಗ ಎಷ್ಟು ಜನರಿಗೆ ನೆನಪಿದೆಯೋ ಕಾಣೆ. ಮಾಗಡಿ ಕಡೆಯ ನಮ್ಮ ಹುಳುಮನೆಯಲ್ಲಿ ರೇಷ್ಮೆಹುಳುಗಳು ಸೊಪ್ಪು ಮೇಯುವಾಗಲೂ ಥೇಟ್ ಅದೇ ಸದ್ದು. ಮೊನ್ನೆ ಯಾರದೋ ಅಂಗಡಿಯ ಹಳೇ ಪೆಟ್ಟಿಗೆಯಲ್ಲಿ ಅದು ಕೇಳಿಸಿದ್ದೇ ತಡ, ಹಿಪ್ಪುನೇರಳೆಯ ಹಸಿ ವಾಸನೆ, ಅಜ್ಜಿಯ ಸೆರಗಿನ ಎಲೆಅಡಿಕೆಯ ಘಾಟು ಎಲ್ಲ ಒಟ್ಟಿಗೆ ಮೂಗಿಗೆ ಅಡರಿದವು. ಜೊತೆಗೆ ನನ್ನ ಹಳೇ ಹೊಟ್ಟೆಯುರಿಯೂ ಬಂತು.

ನಮ್ಮ ಸೀಮೆಗೆ ರೇಡಿಯೊ ನಿಲಯ ಬಂದಾಗ ನಾನಿನ್ನೂ ಲಂಗ ತೊಡುತ್ತಿದ್ದೆ. ರಾಗಿ ಹೊಲಗಳ ನಡುವೆ ಕೆಂಪು ಬಿಳಿ ಬಣ್ಣದ ಕಂಬವೊಂದು ಮುಗಿಲಿಗೆ ಎದ್ದು ನಿಂತಿತು. ಬೆಳಿಗ್ಗೆ ಬೇಸಾಯದ ಮಾತು, ಮಧ್ಯಾಹ್ನ ಹೆಂಗಸರ ಹಾಡು, ಸಂಜೆ ರಾಮನಗರ ಮಾರುಕಟ್ಟೆಯ ರೇಷ್ಮೆಗೂಡಿನ ಧಾರಣೆ. ಧಾರಣೆ ಹೇಳುವಾಗ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ನಿಲಯದವರು ಊರೂರಿಗೆ ಜೀಪಿನಲ್ಲಿ ಬಂದು ಸೋಬಾನೆ ಹಾಡುಗಳನ್ನು ಟೇಪಿನಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು. ಅಜ್ಜಿ ನನಗೂ ಚಿಕ್ಕಪ್ಪನ ಮಗಳು ಸಾಕಿಗೂ ಹಾಡು ಕಲಿಸಿದ್ದಳು. ಮುಂದೆ ನಿಂತು ಹಾಡುವವಳು ನಾನು, ಹಿಂದೆ ಸೊಲ್ಲು ಹೇಳುವವಳು ಅವಳು. ಇದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಜೀಪು ನಮ್ಮೂರಿಗೆ ಬಂದ ದಿನವೇ ಹುಳು ಹಣ್ಣಾಗಬೇಕೆ! ಹಣ್ಣಾಗಿ ನೂಲು ಬಿಡಲು ನಿಂತ ಹುಳುವನ್ನು ಆಗಿಂದಾಗಲೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಡಬೇಕು. ತಡವಾದರೆ ಸೊಪ್ಪಿನೊಳಗೇ ನೂಲು ಬಿಟ್ಟು ಗೂಡು ಹಾಳು. ಅಜ್ಜಿ ನಮ್ಮಿಬ್ಬರ ಕೈಗಳನ್ನೂ ನೋಡಿದಳು.

"ಕೈ ಚುರುಕಿರೋಳು ಒಳಗಿರ್ಲಿ. ಸಾಕಿ ಹುಳ ಹಿಸುಕ್ಬುಡ್ತಾಳೆ, ಅವಳೇ ಹೋಗಿ ಹಾಡ್ಲಿ."

"ನಾನ್ ಹಾಡ್ಬೇಕು ಅಜ್ಜಿ," ಅಂದೆ.

"ಹಾಡು ನಾಳೀಕೂ ಇರ್ತದೆ ಕಣವ್ವ, ಹುಳ ಇರ್ತವಾ?"

ಹುಳುಮನೆಗೆ ಹೊರಗಿನವರನ್ನು ಬಿಡುವ ಪದ್ಧತಿಯಿಲ್ಲ. ಮೈಕು ಅಂಗಳದಲ್ಲಿ ನಿಂತಿತು. ಕೆಲಸಕ್ಕೆ ಬಾರದ ಕೈಯವಳು ಹೊಸ ಲಂಗ ಉಟ್ಟು ಅದರ ಮುಂದೆ ನಿಂತಳು. ನಾನು ಹಳದಿಯಾದ ಹುಳುಗಳನ್ನು ಆರಿಸುತ್ತಾ, ಗೋಡೆಯ ಈಚೆಯಿಂದಲೇ ಗಂಟಲು ಹರಿಯುವಂತೆ ಸೊಲ್ಲು ಹೇಳಿದೆ.

ಹಾಡು ರೇಡಿಯೊದಲ್ಲಿ ಬಂದ ಮಧ್ಯಾಹ್ನ ಬೀದಿಯೇ ನಮ್ಮ ಜಗಲಿಯಲ್ಲಿತ್ತು. ಸಾಕಿಯ ದನಿ ಜೇನಿನಂತೆ ಹರಿಯಿತು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಹಾಡಿದಾಗ ಒಂದು ಸಲವೂ ಅವಳು ಅತ್ತವಳಲ್ಲ. "ನಿನ್ನ ಸೊಲ್ಲೂ ಬಂದೈತೆ ಕಣೆ, ಒಸಿ ಕಿವಿ ಕೊಡು," ಎಂದಳು. ಪೆಟ್ಟಿಗೆಗೆ ಕಿವಿ ಹಚ್ಚಿದೆ. ಬರೀ ಸರಸರ. ಅಂದಿನಿಂದ ಸಾಕಿ ಊರಿಗೆಲ್ಲ ರೇಡಿಯೊ ಸಾಕಿ. ಹೆಣ್ಣು ನೋಡಲು ಬಂದವರೂ ಹಾಗೇ ವಿಚಾರಿಸಿಕೊಂಡು ಬಂದರು. ನನ್ನ ಚುರುಕು ಕೈಗೆ ಯಾರೂ ಹೆಸರಿಡಲಿಲ್ಲ.

ಅಜ್ಜಿ ಹೋದಳು. ಹುಳುಮನೆ ಬಿದ್ದಿತು. ಟೀವಿ ಬಂತು, ಎಫ್‌ಎಂ ಬಂತು, ಕೊನೆಗೆ ಎಲ್ಲರ ಕೈಗೂ ಮೊಬೈಲು ಬಂತು. ನಮ್ಮ ನಿಲಯ ಮೊದಲು ಮಧ್ಯಾಹ್ನದ ಹಾಡು ನಿಲ್ಲಿಸಿತು, ಆಮೇಲೆ ಧಾರಣೆ, ಆಮೇಲೆ ಉಸಿರನ್ನೇ. ಹಾಡುಗಳ ಟೇಪು ಉಳಿದಿಲ್ಲವಂತೆ. ಕಂಬ ಇಳಿಸಿದರೆಂದು ಕೇಳಿದಾಗ ನನಗೆ ಮೊದಲು ಆದದ್ದು ಖುಷಿ, ಸುಳ್ಳೇಕೆ ಹೇಳಲಿ. ದುಃಖ ಆಮೇಲೆ ಬಂತು.

ಹೋದ ತಿಂಗಳು ಹಾರೋಹಳ್ಳಿಗೆ ಸಾಕಿಯನ್ನು ನೋಡಲು ಹೋಗಿದ್ದೆ. ಅವಳ ಮಗ ಅಲ್ಲೇ ಫ್ಯಾಕ್ಟರಿಯಲ್ಲಿದ್ದಾನೆ. ಕಾಯಿಲೆಯಿಂದ ಅವಳ ಗಂಟಲು ಹೋಗಿದೆ, ಮಾತು ಗೊರಗೊರ. ತಾನು ರೇಡಿಯೊದಲ್ಲಿ ಹಾಡಿದ್ದಾಗಿ ಅವಳು ಹೇಳಿದರೆ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. "ಅಜ್ಜಿ ಬರೀ ಬುರುಡೆ ಬುಡ್ತದೆ!"

ಸಾಕಿ ನನ್ನ ಕಡೆ ತಿರುಗಿದಳು. "ಅಕ್ಕ, ನೀನೇ ಹೇಳು. ಹಾಡಿದ್ನೋ ಇಲ್ವೋ?"

ಅವಳ ಹಾಡು ಕೇಳಿದವರಲ್ಲಿ ಅಲ್ಲಿದ್ದವಳು ನಾನೊಬ್ಬಳೇ. ನಾನು ಇಲ್ಲ ಅಂದರೆ ಇಲ್ಲ. ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಹಾಡಿದ್ಲು ಕಣ್ರವ್ವ, ಊರೇ ಕೇಳ್ತು," ಎಂದೆ. ಅವಳು ಎಲ್ಲಿ ದನಿ ಎಳೆದಳು, ಎಲ್ಲಿ ಉಸಿರು ತೆಗೆದುಕೊಂಡಳು ಎಂದು ಹಾಡಿಯೇ ತೋರಿಸಿದೆ. ಅಸೂಯೆಪಟ್ಟು ಕೇಳಿದ್ದು ಮರೆಯುವುದಿಲ್ಲ. ಮಕ್ಕಳ ನಗು ನಿಂತಿತು.

"ನೀವೂ ರೇಡಿಯೋದಾಗೆ ಹಾಡಿದ್ರಾ ಅಜ್ಜಿ?" ಎಂದು ಚಿಕ್ಕದು ನನ್ನನ್ನು ಕೇಳಿತು.

ಗೋಡೆಯ ಈಚೆಯಿಂದ ಹೇಳಿದ ಸೊಲ್ಲಿನ ಸುದ್ದಿ ಎತ್ತಲು ನಾನು ಬಾಯಿ ತೆರೆಯುವಷ್ಟರಲ್ಲಿ ಸಾಕಿಯೇ ಹೇಳಿದಳು: "ಇಲ್ಲ ಕಣವ್ವ, ಅವಳು ಒಳಗೆ ಹುಳ ಆರಿಸ್ತಿದ್ಲು."

ಮಕ್ಕಳು ಸಾಕಿಯ ಕಡೆಗೆ ತಿರುಗಿ ಕೂತವು.