ಹೊಗಳಬಾರದ ಮಗಳು

ಚಿಂಚೋಳಿಯಲ್ಲಿ ಅಂಗವಿಕಲರ ಪ್ರಮಾಣಪತ್ರದ ಶಿಬಿರ ನಡೆದಿತ್ತು. ಫಾರಂ ತುಂಬುವ ಕೆಲಸ ನನ್ನದು. ಕುಂಚಾವರಂ ಕಡೆಯ ತಂದೆಯೊಬ್ಬ, ವಯಸ್ಸಿಗೆ ತಕ್ಕಂತೆ ಬುದ್ಧಿ ಬೆಳೆಯದ ಹದಿನಾಲ್ಕರ ಮಗಳನ್ನು ಕರೆತಂದಿದ್ದ.

"ಈಕಿಗಿ ಏನೇನು ಬರಲ್ಲ ಹೇಳ್ರಿ" ಎಂದೆ.

"ಭಾಳ ಬರ್ತದ್ರೀ ಮೇಡಂ. ಆಡಿನ ಮರಿ ಒಂದೊಂದಕ್ಕೂ ಹೆಸರಿಟ್ಟಾಳ. ನಾ ಹೊಲದಿಂದ ಬರೋದು ಕಂಡ್ರ ಚಪ್ಪಾಳಿ ಹೊಡೀತಾಳ."

ಪಕ್ಕದಲ್ಲಿದ್ದ ನಮ್ಮ ಸಾಹೇಬರು ರೇಗಿದರು. "ಬರದಿರೋದು ಹೇಳಪಾ! ಹಿಂಗ ಹೇಳಿದ್ರ ಪಿಂಚಣಿ ಸಿಗಲ್ಲ. ಇಂಥಾಕೀನ ಹೊಗಳಲಿಕ್ಕೆ ಏನದ?"

ನನಗೆ ಮೈ ಉರಿಯಿತು. ಆ ತಂದೆ ಮಾತ್ರ ದನಿ ಏರಿಸಲಿಲ್ಲ.

"ದೇವರು ಈಕೀನ ಮಾಡಿ, ನೋಡಿ ಖುಷಿಪಟ್ಟೇ ನಮ್ಮ ಮನೀಗಿ ಕಳಿಸ್ಯಾನ್ರೀ. ಅವನಿಗೇ ಚಂದ ಕಂಡಾಕೀನ ನಾ ಹ್ಯಾಂಗ ಕಮ್ಮಿ ಅನ್ಲಿ? ಬೇಕಾದ್ರ ನೀವೇ ಬರಕೊಳ್ರಿ."

ಬರೆದದ್ದು ನಾನೇ. ಮಾತು ಸ್ಪಷ್ಟವಿಲ್ಲ, ಒಬ್ಬಳೇ ಓಡಾಡಲಾರಳು, ಲೆಕ್ಕ ತಿಳಿಯದು. ಪಿಂಚಣಿ ಸಿಗಲೆಂದು ಬರೆದೆ. ಆದರೂ ಆ ತಂದೆಯ ಮುಖ ನೋಡಲಾಗಲಿಲ್ಲ.

ಮಧ್ಯಾಹ್ನ ಚಹಾದ ಹೊತ್ತಿಗೆ ಸಾಹೇಬರು ಮೊಬೈಲ್ ತೆಗೆದು, ತಮ್ಮ ಮಗನ ಮಾರ್ಕ್ಸ್‌ಕಾರ್ಡನ್ನು ಎಲ್ಲರಿಗೂ ತೋರಿಸತೊಡಗಿದರು. ಎಲ್ಲರೂ ಭೇಷ್ ಎಂದರು. ನಾನು ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು ಎದ್ದುಬಂದೆ. ನನಗೆ ಚಹಾ ರುಚಿಸಲಿಲ್ಲವೆಂದುಕೊಂಡು, ಸಕ್ಕರೆ ಕಡಿಮೆ ಹಾಕಿದ್ದೀಯೆಂದು ಸಾಹೇಬರು ಚಹಾದವನನ್ನು ಬೈದರಂತೆ.