ಅಣ್ಣ ತಂದ ಮಿರ್ಚಿ ಭಜಿ

ಗೆಳೆಯರೇ, ನನಗೂ ಹೆಂಡತಿಗೂ ದೇವರ ಮೇಲೆ ನಂಬಿಕೆಯಿಲ್ಲ. "ಕೂಸಿಗರ ಯಾವುದಾರ ಒಂದು ಧರ್ಮ ಕಲಿಸ್ರಿ" ಎಂದು ಮಗಳು ಹುಟ್ಟಿದ ದಿನವೇ ಖಾನಾಪುರದ ಅಣ್ಣ ಬೈದದ್ದು ನಾನು ಮರೆತಿಲ್ಲ.

ಈಗ ಮಗಳು ಪಕ್ಕದ ಮನೆಯ ಜೈನ ಗೆಳತಿಯಂತೆ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ನೋಡೋಣವೆಂದು ನಾವೂ ಅವಳ ಜೊತೆ ಬೇಗ ಉಣ್ಣುತ್ತಿದ್ದೇವೆ.

ಇಂದು ಕತ್ತಲಾದ ಮೇಲೆ ಅಣ್ಣ ಬಿಸಿ ಮಿರ್ಚಿ ಭಜಿ ತಂದ.

"ಹೊತ್ತು ಮುಳುಗೇತಿ ದೊಡ್ಡಪ್ಪ, ನಾ ಒಲ್ಲೆ."

"ಅದು ನಮ್ಮ ಧರ್ಮ ಅಲ್ಲಬೇ!"

"ಯಾವುದಾರ ಒಂದು ಅಂದಿದ್ರಂತಲ್ಲ?"

ಅಣ್ಣ ನನ್ನ ಮೇಲೆ ಹರಿಹಾಯ್ದ: "ಸುಮ್ನ ಯಾಕ ಕುಂತೀಯೋ? ಧರ್ಮ ಗಿರ್ಮ ಎಲ್ಲಾ ಸುಳ್ಳಂತ ಆಕಿಗೆ ತಿಳಿಸಿ ಹೇಳು!"

ಇಷ್ಟು ವರ್ಷ ವಾದ ಮಾಡಿಯೂ ಅಣ್ಣನನ್ನು ನಾಸ್ತಿಕನನ್ನಾಗಿ ಮಾಡಲು ನನ್ನಿಂದ ಆಗಿರಲಿಲ್ಲ. ಮಗಳು ಒಂದು ಭಜಿ ಬೇಡವೆಂದು ಹೇಳಿಯೇ ಅದನ್ನು ಮಾಡಿ ತೋರಿಸಿದಳು.