ಕೆಳಮನೆಯ ಕರೆಂಟು

ವಿಮಾ ಕಚೇರಿಯ ಕೆಲಸದಲ್ಲಿ ವರ್ಗವಾಗಿ ಚೆನ್ನೈಗೆ ಬಂದವನು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ವೇಲಚೇರಿಯ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ನೆಂಟರು ಯಾರಾದರೂ ಬರುತ್ತೇವೆಂದು ಫೋನು ಮಾಡಿದರೆ, ಬರುವಾಗ ನಿಮ್ಮ ಮನೆಯ ಕರೆಂಟು ಬಿಲ್ಲು ತನ್ನಿ ಎನ್ನುತ್ತಿದ್ದೆ. ಬೇರೆಯವರು ಊರಿನಿಂದ ಚಕ್ಕುಲಿ ತರಿಸಿಕೊಂಡರೆ ನಾನು ತುಮಕೂರು, ಹೈದರಾಬಾದು, ಪಾಲಕ್ಕಾಡಿನ ಬಿಲ್ಲುಗಳನ್ನು ತರಿಸಿ ಫೈಲು ಮಾಡಿಟ್ಟಿದ್ದೆ. ಯಾವ ರಾಜ್ಯದಲ್ಲಿ ಯೂನಿಟ್ಟಿಗೆ ಎಷ್ಟು, ಎಲ್ಲಿ ದರ ಏರುತ್ತದೆ, ಎಲ್ಲವೂ ಬಾಯಿಪಾಠ. ಕಚೇರಿಯಲ್ಲಿ ಊಟದ ಹೊತ್ತಿಗೆ ಇದರ ಮೇಲೆ ನನ್ನ ಉಪನ್ಯಾಸ ನಡೆಯುತ್ತಿತ್ತು. ತಮಿಳುನಾಡಿನಲ್ಲಿ ಮೀಟರು ಓದುವುದು ಎರಡು ತಿಂಗಳಿಗೊಮ್ಮೆ ಎಂಬುದು ಗೊತ್ತಿಲ್ಲದೆ, ಇಲ್ಲಿಯ ಎರಡು ತಿಂಗಳ ಬಿಲ್ಲನ್ನು ತುಮಕೂರಿನ ಒಂದು ತಿಂಗಳ ಬಿಲ್ಲಿನ ಪಕ್ಕ ಇಟ್ಟು ಆರು ತಿಂಗಳು ಭಾಷಣ ಬಿಗಿದಿದ್ದೆ. ಒಬ್ಬರೂ ತಿದ್ದಲಿಲ್ಲ. ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ಆಗಲೇ ಹೊಳೆಯಬೇಕಿತ್ತು.

ಈ ಹುಚ್ಚಿಗೆ ಕಾರಣ ಹೊಟ್ಟೆಯುರಿ. ಕೆಳಗಡೆ ಮನೆಯ ಮಾಲೀಕರು ಸರ್ಕಾರದ ದರದಲ್ಲಿ ಕರೆಂಟು ಬಳಸುತ್ತಿದ್ದರು. ಮೇಲಿದ್ದ ನಮಗೆ ಬೇರೆ ಸಣ್ಣ ಮೀಟರು ಹಾಕಿ, ಯೂನಿಟ್ಟಿಗೆ ಹೆಚ್ಚುಕಡಿಮೆ ಎರಡರಷ್ಟು ತೆಗೆದುಕೊಳ್ಳುತ್ತಿದ್ದರು. ಆ ಕಡೆ ಬಾಡಿಗೆದಾರರ ಪಾಡು ಹೆಚ್ಚಾಗಿ ಹೀಗೆಯೇ. ರಾಜ್ಯದಿಂದ ರಾಜ್ಯಕ್ಕೆ ದರ ಬದಲಾಗಲಿ, ಒಂದೇ ಕಂಬದಿಂದ ಬಂದ ಕರೆಂಟು ಮಹಡಿ ಹತ್ತುವಷ್ಟರಲ್ಲಿ ದುಬಾರಿಯಾಗುವುದು ಯಾವ ನ್ಯಾಯ ಎಂದು ಹೆಂಡತಿಯ ಎದುರು ಗುಡುಗುತ್ತಿದ್ದೆ. ಆಮೇಲೆ ಕೆಳಗಿಳಿದು, ಮಾಲೀಕರ ಎದುರು ಹಲ್ಲು ಕಿರಿದು ಹಣ ಎಣಿಸಿ ಬರುತ್ತಿದ್ದೆ.

ಒಂದು ಮೇ ತಿಂಗಳಲ್ಲಿ ತುಮಕೂರಿನಿಂದ ಅಕ್ಕ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದಳು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಎಡಗಣ್ಣು ಎಂದೋ ಹೋಗಿತ್ತು; ಉಳಿದದ್ದು ಈ ಬಲಗಣ್ಣೊಂದು. ಕೋಡುಬಳೆಯ ಡಬ್ಬಿಯ ಮೇಲೆ ಮಡಿಸಿಟ್ಟು ಕರೆಂಟು ಬಿಲ್ಲನ್ನೂ ತಂದಿದ್ದಳು. ನಾನು ಕೋಡುಬಳೆ ಬಿಟ್ಟು ಬಿಲ್ಲು ಬಿಡಿಸಿದೆ. ನಮ್ಮ ಫ್ಯಾನು ಒಂದು ಗಂಟೆ ತಿರುಗುವ ದುಡ್ಡಿಗೆ ಕೆಳಮನೆಯಲ್ಲಿ ಎರಡು ಗಂಟೆ ತಿರುಗುತ್ತದೆ ಎಂದು ಬೆರಳು ಮಡಿಸಿ ವಿವರಿಸಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು. ನನಗೆ ಬಹಳ ಖುಷಿಯಾಯಿತು.

ಆಪರೇಷನ್ನು ಚೆನ್ನಾಗಿಯೇ ಆಯಿತು. ಹದಿನೈದು ದಿನ ಬೆವರು ಕಣ್ಣಿಗೆ ಇಳಿಯಬಾರದು, ಬಗ್ಗಬಾರದು, ಮೆಟ್ಟಿಲು ಹತ್ತಿಳಿಯಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಹಗಲು ನಾನೂ ಹೆಂಡತಿಯೂ ಕೆಲಸಕ್ಕೆ ಹೋಗುತ್ತಿದ್ದೆವು. ನಾಲ್ಕನೆಯ ದಿನ ಕಣ್ಣಿನ ಹನಿಯ ಔಷಧಿ ಕೊಟ್ಟುಹೋಗಲೆಂದು ಮಧ್ಯಾಹ್ನ ಮನೆಗೆ ಬಂದೆ. ಫ್ಯಾನು ನಿಂತಿತ್ತು. ಅಕ್ಕ ಇರಲಿಲ್ಲ. ಓಡಿ ಕೆಳಗಿಳಿದರೆ, ಮಾಲೀಕರ ಹಾಲಿನಲ್ಲಿ ಫ್ಯಾನಿನ ಕೆಳಗೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಾಳೆ. ಮೆಟ್ಟಿಲು ಯಾಕೆ ಇಳಿದೆ ಎಂದು ರೇಗಿದೆ.

"ನೀನೇ ಹೇಳಿದ್ಯಲ್ಲೋ, ಇಲ್ಲಿ ಅರ್ಧ ದುಡ್ಡಿಗೇ ತಿರುಗತ್ತೆ ಅಂತ. ಬೆವರು ಇಳೀಬಾರ್ದು ಅಂದ್ರಲ್ಲ. ದಿನಾ ಗೋಡೆ ಹಿಡ್ಕೊಂಡು ನಿಧಾನಕ್ಕೆ ಬರ್ತೀನಿ."

ಇದ್ದೊಂದು ಕಣ್ಣೂ ಮಂಜಾಗಿರುವಾಗ, ಮೂರು ದಿನ, ಆ ಕಡಿದಾದ ಮೆಟ್ಟಿಲು. ಅಷ್ಟರಲ್ಲಿ ಮಾಲೀಕರ ಹೆಂಡತಿ, ನಿಮ್ಮ ಫ್ಯಾನು ಕೆಟ್ಟಿದೆಯೆಂದು ನಮಗೇಕೆ ಹೇಳಲಿಲ್ಲ ಎಂದು ತಮಿಳಿನಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡರು. ಅಕ್ಕನಿಗೆ ತಮಿಳು ಬಾರದು. ಕೆಟ್ಟಿದೆಯೆಂದು ಕೈಸನ್ನೆಯಲ್ಲೇ ಸುಳ್ಳು ಹೇಳಿ ನನ್ನ ಮಾನ ಉಳಿಸಿದ್ದಳು.

ಸಂಜೆ ಮಾಲೀಕರೇ ಒಂದು ಟೇಬಲ್ ಫ್ಯಾನು ಹೊತ್ತುಕೊಂಡು ಬಂದರು. ತಮ್ಮ ಹಾಲಿನಿಂದ ಕಿಟಕಿಯ ಮೂಲಕ ಉದ್ದನೆಯ ವೈರು ಎಳೆದು ತಂದಿದ್ದರು. "ಎಂಗ ಮೀಟರ್ಲಯೇ ಓಡಟ್ಟುಂ ಸಾರ್," ಎಂದರು. ಅವರ ಮೀಟರಿನಲ್ಲೇ ಓಡಲಿ, ದುಡ್ಡಿನ ಮಾತೇ ಬೇಡವಂತೆ. ಚಾವಣಿಯ ಫ್ಯಾನನ್ನೂ ಒಮ್ಮೆ ನೋಡಿಬಿಡೋಣವೇ ಎಂದು ಅವರು ಕತ್ತೆತ್ತಿದಾಗ ನಾನು ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತೆ. ಮೂರು ವರ್ಷದಿಂದ ಬಯಸಿದ್ದ ಅಗ್ಗದ ಕರೆಂಟು ಪುಕ್ಕಟೆಯಾಗಿಯೇ ಮನೆಗೆ ಬಂದಿತ್ತು. ಅಕ್ಕ ಇರುವವರೆಗೂ ಆ ಕೋಣೆಯ ಚಾವಣಿ ಫ್ಯಾನಿನ ಸ್ವಿಚ್ಚು ಮುಟ್ಟುವ ಧೈರ್ಯ ಬರಲಿಲ್ಲ.

ಹದಿನೈದು ದಿನದ ಮೇಲೆ ಡಾಕ್ಟರು ಕಣ್ಣು ವಾಸಿಯಾಗಿದೆ ಎಂದರು. ಮನೆಗೆ ಬಂದು ಅಕ್ಕ ಕಪ್ಪು ಕನ್ನಡಕ ತೆಗೆದು, ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿದಳು. ಆಮೇಲೆ ಹೆಂಡತಿಗೆ ಕೇಳಿಸದಂತೆ ಮೆಲ್ಲಗೆ ಹೇಳಿದಳು:

"ಎಷ್ಟು ಸೊರಗಿದೀಯೋ. ಕೈ ಅಷ್ಟೊಂದು ಬಿಗಿ ಇದ್ರೆ ನನಗೆ ಹೇಳ್ಬಾರ್ದಾ? ಊರಿಗೆ ಹೋಗಿ ತಿಂಗಳು ತಿಂಗಳು ಏನಾದ್ರೂ ಕಳಿಸ್ತೀನಿ."